ಹಿತ್ತಲ ಶೆಡ್ಡಿನ ಲೆಕ್ಕ ಮಾಡಿನಿಂದ ಶುರುವಾಗಲಿ

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಹತ್ತಿರ ಬಂತೆಂದರೆ ಹಿತ್ತಲಲ್ಲೊಂದು ಶೆಡ್ಡು ಬೇಕು ಎಂಬ ಮಾತು ಏಳುತ್ತದೆ. ಸೌದೆ ನೆನೆಯಬಾರದು, ಗೊಬ್ಬರದ ಚೀಲ ಒದ್ದೆಯಾಗಬಾರದು, ಔಷಧಿ ಹೊಡೆಯುವ ಪಂಪು ಅಂಗಳದಲ್ಲಿ ಬಿದ್ದಿರಬಾರದು. ಆದರೆ ಹೆಚ್ಚಿನವರು ಲೆಕ್ಕ ಹಾಕಲು ಕೂರುವುದು ಗೋಡೆಯಿಂದ: ಕಲ್ಲು ಎಷ್ಟು, ಸಿಮೆಂಟು ಎಷ್ಟು ಎಂದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಡೆ ಮೊದಲು ಯೋಚಿಸಬೇಕಾದದ್ದು ಮಾಡನ್ನು.

ಅದಕ್ಕೂ ಮುಂಚೆ ಒಳಗೆ ಏನೇನು ಇಡುವುದೆಂದು ಬರೆದುಕೊಳ್ಳಬೇಕು. ಸೌದೆ, ತೆಂಗಿನ ಸಿಪ್ಪೆಗೆ ಗಾಳಿ ಬೇಕು. ಗೋಡೆ ಅರ್ಧ ಎತ್ತರಕ್ಕಿದ್ದರೆ ಸಾಕು. ಯೂರಿಯಾ ಗಾಳಿಯ ತೇವವನ್ನೇ ಹೀರಿ ಗಟ್ಟಿಯಾಗುತ್ತದೆ, ಅದಕ್ಕೆ ಮುಚ್ಚಿದ ಮೂಲೆಯೇ ಆಗಬೇಕು. ಅಡಿಕೆ ತೋಟದವರ ಮೈಲುತುತ್ತ ಇನ್ನೂ ಕಷ್ಟದ್ದು. ಅದರ ನೀರು ತಾಗಿದ ಕಬ್ಬಿಣ, ಸತುವಿನ ಲೇಪ ಎರಡೂ ಬೇಗ ತಿಂದುಹೋಗುತ್ತವೆ. ಮೈಲುತುತ್ತ ಇಡುವ ಜಾಗದಲ್ಲಿ ಕಬ್ಬಿಣದ ಕಂಬ, ಕಪಾಟು ಇರದಂತೆ ನೋಡಿಕೊಂಡು, ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಇಡಬೇಕು.

ಈಗ ಮಾಡು. 1860ರ ದಶಕದಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಇಲ್ಲಿ ಹಂಚಿನದೇ ಆಳ್ವಿಕೆ. ಹಳೆ ಮನೆ ಕೆಡವಿದಲ್ಲಿ ಒಳ್ಳೆಯ ಹಂಚು ಅಗ್ಗಕ್ಕೆ ಸಿಗುತ್ತದೆ. ಒಂದೊಂದನ್ನೇ ಬೆರಳಿನಿಂದ ತಟ್ಟಿ ನೋಡಬೇಕು: ಠಣ್ ಎಂದರೆ ಗಟ್ಟಿ, ಮಂಕಾಗಿ ಸದ್ದು ಬಂದರೆ ಒಳಗೆ ಬಿರುಕಿದೆ. ರೀಪಿಗೆ ಸಿಕ್ಕಿಕೊಳ್ಳುವ ಅಡಿಯ ಗುಬುಟು ಮುರಿದಿದ್ದರೆ ಆ ಹಂಚು ಬೇಡ. ಭಾರ ಮಾತ್ರ ಮರೆಯುವಂತಿಲ್ಲ. ಚದರ ಮೀಟರಿಗೆ ನಲವತ್ತು ಕಿಲೋ ಆಸುಪಾಸು ಬರುವ ಹಂಚಿಗೆ ಪಕ್ಕಾಸು, ರೀಪು ಬಲವಾಗಿರಬೇಕು, ಇಳಿಜಾರೂ ಕಡಿದಾಗಿರಬೇಕು.

ಶೀಟು ಹಗುರ, ಕೆಲಸವೂ ಬೇಗ. ಮೋಸ ಹೋಗುವುದು ದಪ್ಪದಲ್ಲಿ. ಅಂಗಡಿಯಲ್ಲಿ 0.5 ಮಿ.ಮೀ. ಎಂದು ಹೇಳುವ ಬಣ್ಣದ ಶೀಟಿನಲ್ಲಿ ಬಣ್ಣ, ಲೇಪ ಕಳೆದರೆ ಉಕ್ಕು ಕಡಿಮೆಯೇ ಇರುತ್ತದೆ. ಇದಕ್ಕೆ ತಕ್ಕಡಿಯೇ ಮದ್ದು. ನಾಲ್ಕು ಅಡಿ ಅಗಲದ ತಗಡಿನಿಂದ ಮಡಚಿದ, ಹತ್ತು ಅಡಿ ಉದ್ದದ ಶೀಟಿನಲ್ಲಿ ಉಕ್ಕೇ ಅರ್ಧ ಮಿ.ಮೀ. ಇದ್ದರೆ ತೂಕ ಹದಿನಾಲ್ಕೂವರೆ ಕಿಲೋ ಹತ್ತಿರ ಬರಬೇಕು. ಹತ್ತೇ ಕಿಲೋ ತೂಗಿದರೆ ಅದು 0.35ರದ್ದು. ಬೋಲ್ಟನ್ನು ಶೀಟಿನ ಉಬ್ಬಿನ ಮೇಲೆ, ರಬ್ಬರ್ ವಾಷರ್ ಹಾಕಿಯೇ ಬಿಗಿಯಬೇಕು. ತಗ್ಗಿನಲ್ಲಿ ತೂತು ಕೊರೆದರೆ ಅಲ್ಲಿಂದಲೇ ನೀರು ಸೋರುತ್ತದೆ. ಕೊರೆದಾಗ ಉದುರುವ ಕಬ್ಬಿಣದ ಪುಡಿಯನ್ನು ಅವತ್ತೇ ಗುಡಿಸಿ ತೆಗೆಯದಿದ್ದರೆ ಒಂದು ಮಳೆಗೆ ತುಕ್ಕಿನ ಕಲೆ ಹಿಡಿಯುತ್ತದೆ. ಸಮುದ್ರದ ಉಪ್ಪುಗಾಳಿ ತಾಗುವ ಊರುಗಳಲ್ಲಿ ತೆಳು ಲೇಪದ ಜಿಂಕ್ ಶೀಟು ಬಾಳುವುದಿಲ್ಲ. ಅಲ್ಲಿ ಹಂಚು ಅಥವಾ ಅಲ್ಯೂಮಿನಿಯಂ ಶೀಟೇ ಲೇಸು.

ಕಲ್ನಾರಿನ ಹಳೆ ಶೀಟು ಪುಕ್ಕಟೆ ಸಿಕ್ಕಿದರೂ ತರಬಾರದು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕತ್ತರಿಸುವಾಗ, ತೂತು ಕೊರೆಯುವಾಗ ಏಳುವ ದೂಳೇ ಶ್ವಾಸಕೋಶ ಸೇರುತ್ತದೆ.

ಕಂಬಕ್ಕೆ ಸಿಮೆಂಟಿನ ಕಂಬವೋ ಜಿ.ಐ. ಪೈಪೋ ಆಗುತ್ತದೆ. ಮರವನ್ನು ನೇರ ಮಣ್ಣಿಗೆ ಹೂತರೆ ಒರಲೆಗೆ ಊಟ ಹಾಕಿದಂತೆ. ನೆಲದಿಂದ ಒಂದಡಿ ಎತ್ತರದ ಕಾಂಕ್ರೀಟ್ ದಿಂಬಿನ ಮೇಲೆ ನಿಲ್ಲಿಸಿದರೆ ಬಾಳಿಕೆ ಬೇರೆ.

ಗೋಡೆಗೆ ಮುರಕಲ್ಲು ಇರುವಾಗ ದೂರದಿಂದ ಏನನ್ನೂ ತರಿಸಬೇಕಿಲ್ಲ. ಕೋರೆಯಿಂದ ಆಗಷ್ಟೇ ಕಡಿದ ಕಲ್ಲು ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಬಿಳಿ ಜೇಡಿಯ ಗಂಟುಗಳು ಹೆಚ್ಚಿರುವ ಕಲ್ಲನ್ನು ಬದಿಗಿಡಬೇಕು, ಮಳೆ ಹೊಡೆದಂತೆ ಅವು ತೊಳೆದುಹೋಗಿ ಹೊಂಡ ಉಳಿಯುತ್ತದೆ. ಮುರಕಲ್ಲು ಸಿಗದ ಬಯಲುಸೀಮೆಯಲ್ಲಿ ಆರು ಇಂಚಿನ ಸಿಮೆಂಟ್ ಬ್ಲಾಕು ಸಾಕು. ಕೋಲಾರದ ಕಡೆ ಕಲ್ಲಿನ ಚಪ್ಪಡಿಗಳನ್ನೇ ಸಾಲಾಗಿ ನಿಲ್ಲಿಸಿ ಗೋಡೆ ಮಾಡುವವರೂ ಇದ್ದಾರೆ. ಅಗೆದ ಮಣ್ಣು ಚೆನ್ನಾಗಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಬೆಳೆಸಿದ, ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಬ್ಲಾಕೂ ಆದೀತು, ಸುಡುವ ಗೋಜಿಲ್ಲ. ಆದರೆ ಜಡಿಮಳೆಯ ಊರಲ್ಲಿ ಮಾಡಿನ ಅಂಚು ಗೋಡೆಯಿಂದ ಎರಡಡಿಯಾದರೂ ಚಾಚಿರಬೇಕು.

ನೆಲ ಅಂಗಳಕ್ಕಿಂತ ಒಂದಡಿ ಎತ್ತರ, ಬಾಗಿಲ ಕಡೆಗೆ ತುಸು ಇಳಿಜಾರು. ಗೊಬ್ಬರದ ಚೀಲವನ್ನು ಹಲಗೆಯ ಮೇಲೆ, ಗೋಡೆಯಿಂದ ಗೇಣು ದೂರ ಪೇರಿಸಬೇಕು.