ಸ್ಥಿರಶಾಖೆಯೋ, ನೂತನಶಾಖೆಯೋ?

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಬಿ.ಎ. ವಿದ್ಯಾರ್ಥಿಗೆ ಸರ್ವರ್‌ಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾಲೇಜು ಬಿಟ್ಟ ಬಳಿಕ ಸಂಜೆಯ ಹೊತ್ತು ನಾನು ಒಂದು ಹಾಲಿನ ಸಹಕಾರ ಸಂಘದಲ್ಲಿ ಗಣಕಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ನನ್ನ ಪುಸ್ತಕಗಳ ಖರ್ಚು ಹುಟ್ಟುವುದು ಅಲ್ಲಿಯೇ. ನಮ್ಮ ಮನೆತನದಲ್ಲಿ ಕಾಲೇಜಿನ ಹೊಸ್ತಿಲು ತುಳಿದವನು ನಾನೇ ಮೊದಲಿಗನಾದುದರಿಂದ, ಇಂಥ ವಿಷಯಗಳನ್ನು ಮನೆಯಲ್ಲಿ ಯಾರನ್ನೂ ಕೇಳುವಂತಿರಲಿಲ್ಲ, ತಪ್ಪಿಯೇ ಕಲಿಯಬೇಕಾಯಿತು. ಹಾಗೆ ಕಲಿತ ಒಂದು ಪಾಠವನ್ನು ಇಲ್ಲಿ ನಿವೇದಿಸುತ್ತೇನೆ.

ಸರ್ವರ್ ಎಂದರೆ ಅನೇಕ ಯಂತ್ರಗಳ, ಅನೇಕ ಜನರ ಕೋರಿಕೆಗಳಿಗೆ ಹಗಲಿರುಳೂ ಓಗೊಡುವ ಗಣಕಯಂತ್ರ. ಅದನ್ನು ನಡೆಸುವ ಮೂಲ ತಂತ್ರಾಂಶವು ಅನೇಕ ವೇಳೆ ಒಂದಕ್ಕಿಂತ ಹೆಚ್ಚು ಶಾಖೆಗಳಲ್ಲಿ ದೊರೆಯುತ್ತದೆ. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯನ್ನೇ ನೋಡೋಣ. ಹೊಸ ತಂತ್ರಾಂಶವು ಮೊದಲು ಅದರ ಅಸ್ಥಿರಶಾಖೆಗೆ ಬರುತ್ತದೆ. ಅಲ್ಲಿ ಕೆಲವು ದಿನ ದೊಡ್ಡ ದೋಷ ಕಾಣದಿದ್ದರೆ ಪರೀಕ್ಷಾಶಾಖೆಗೆ ದಾಟುತ್ತದೆ. ಸುಮಾರು ಎರಡು ವರ್ಷಗಳಿಗೊಮ್ಮೆ ಪರೀಕ್ಷಾಶಾಖೆಯನ್ನು ತಡೆದು ನಿಲ್ಲಿಸಿ, ದೋಷಗಳನ್ನು ಸೋಸಿ, ಅದನ್ನೇ ಸ್ಥಿರಶಾಖೆಯೆಂದು ಹೊರತರುತ್ತಾರೆ. 13ನೆಯ ಆವೃತ್ತಿಯು 2025ರ ಆಗಸ್ಟ್ 9ರಂದು ಹೀಗೆ ಬಂದಿತು. ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಚಲನಚಿತ್ರದ ಪಾತ್ರಗಳ ಹೆಸರಿಡುವುದು ಅವರ ರೂಢಿ. ಅಸ್ಥಿರಶಾಖೆಯ ಹೆಸರು ಮಾತ್ರ ಯಾವಾಗಲೂ ‘ಸಿಡ್’. ಆತನು ಆ ಕಥೆಯಲ್ಲಿ ಆಟಿಕೆಗಳನ್ನು ಮುರಿದುಹಾಕುವ ನೆರೆಮನೆಯ ಹುಡುಗ!

ಇನ್ನು ನನ್ನ ತಪ್ಪನ್ನು ಒಪ್ಪಿಸಿಬಿಡುತ್ತೇನೆ. ಹೊಸದೆಲ್ಲವೂ ಉತ್ತಮವೆಂಬ ಹುಮ್ಮಸ್ಸಿನಲ್ಲಿ ನಾನು ಕಳೆದ ವರ್ಷ ಒಂದು ರಾತ್ರಿ ಸಂಘದ ಸರ್ವರನ್ನು ಸ್ಥಿರಶಾಖೆಯಿಂದ ಪರೀಕ್ಷಾಶಾಖೆಗೆ ಏರಿಸಿದೆ. ಮರುದಿನ ಹಾಲಿನ ಹಣದ ಬಟವಾಡೆ. ಲೆಕ್ಕದ ತಂತ್ರಾಂಶವು ಹಳೆಯ ಡೇಟಾಬೇಸಿಗೆ ಹೊಂದಿಕೊಂಡಿದ್ದುದು. ಹೊಸದರೊಡನೆ ಅದು ಏಳಲೇ ಇಲ್ಲ. ಕಿಟಕಿಯ ಮುಂದೆ ಬೆಳೆದ ಸಾಲಿನಲ್ಲಿ ನನ್ನ ತಂದೆಯವರೂ ಇದ್ದರು. “ಏನಪ್ಪಾ, ನಿನ್ನೆ ಸರಿಯಾಗೇ ಇತ್ತಲ್ಲ?” ಎಂದು ಕಾರ್ಯದರ್ಶಿಗಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ಪ್ರತಿಯಿಂದ ಎಲ್ಲವನ್ನೂ ಮರಳಿ ಕೂಡಿಸುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆಯಾಯಿತು. ಆ ದಿನದ ಕೂಲಿಯನ್ನು ಕಳೆದುಕೊಂಡು ನಿಂತವರು ಹಲವರು. ರಾತ್ರಿ ಊಟಕ್ಕೆ ಕುಳಿತಾಗ ತಂದೆಯವರು ಬೈಯಲಿಲ್ಲ. “ಹೊಸ ಬಿತ್ತನೆ ಬಂದ್ರೆ ಮೊದ್ಲು ಒಂದು ಮಡೀಲಿ ಹಾಕಿ ನೋಡ್ತೀವಿ ಕಣಪ್ಪ, ಇಡೀ ಹೊಲಕ್ಕೆ ಹಾಕೋದಿಲ್ಲ” ಎಂದಷ್ಟೇ ಹೇಳಿದರು.

ನನ್ನ ನಷ್ಟ ಅಲ್ಪವೇ. 2024ರ ಮಾರ್ಚ್ 29ರಂದು ಬಯಲಾದ ಸಂಗತಿ ಇನ್ನೂ ಭೀಕರವಾದುದು. ಕಡತಗಳನ್ನು ಸಂಕ್ಷೇಪಿಸುವ ‘ಎಕ್ಸ್‌ಜೆಡ್’ ಎಂಬ ಉಪಕರಣದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಯಾರೋ ಒಂದು ಕಳ್ಳಬಾಗಿಲನ್ನು ಹುದುಗಿಸಿದ್ದರು. ದೂರದಿಂದ ಸರ್ವರಿನೊಳಗೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲಾ ಎಂಬ ಅನುಮಾನದ ಎಳೆ ಹಿಡಿದು, ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಅದನ್ನು ಪತ್ತೆಮಾಡಿದರು. ಡೆಬಿಯನ್ನಿನ ಅಸ್ಥಿರ, ಪರೀಕ್ಷಾ ಶಾಖೆಗಳೆರಡಕ್ಕೂ ಆ ವಿಷ ತಲಪಿತ್ತು, ಸ್ಥಿರಶಾಖೆಗೆ ತಲಪಿರಲಿಲ್ಲ.

ಹಾಗಾದರೆ ಸ್ಥಿರವೆಂಬುದು ನಿರ್ದೋಷವೇ? ಖಂಡಿತ ಅಲ್ಲ. ರಹಸ್ಯಲಿಪಿಯ ಕೆಲಸ ಮಾಡುವ ‘ಓಪನ್ ಎಸ್‌ಎಸ್‌ಎಲ್’ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ 2014ರ ಏಪ್ರಿಲಿನಲ್ಲಿ ಪ್ರಕಟವಾಯಿತು. ಅಂದಿನ ಸ್ಥಿರಶಾಖೆಯಲ್ಲಿದ್ದ 1.0.1ಇ ಆವೃತ್ತಿಗೂ ಆ ದೋಷ ತಗಲಿತ್ತು. ಅದಕ್ಕೂ ಹಿಂದಿನ ಸ್ಥಿರಶಾಖೆಯು 0.9.8ರಲ್ಲೇ ನಿಂತಿದ್ದುದರಿಂದ ಪಾರಾಯಿತು. ಆದರೆ ಡೆಬಿಯನ್ ಬಳಗವು ಏಪ್ರಿಲ್ 7ರಂದೇ ಪರಿಹಾರವನ್ನು ಒದಗಿಸಿತು. ವಿಶೇಷವೇನೆಂದರೆ, ಅವರು ಹೊಸ ಆವೃತ್ತಿಯನ್ನು ತಂದು ತುರುಕಲಿಲ್ಲ, 1.0.1ಇ ಎಂಬುದನ್ನೇ ಉಳಿಸಿಕೊಂಡು, ಹರಿದಲ್ಲಿಗೆ ಮಾತ್ರ ತೇಪೆ ಹಾಕಿದರು. ಸ್ಥಿರಶಾಖೆಯ ಮರ್ಮವಿರುವುದು ಇಲ್ಲಿಯೇ: ನಡೆನುಡಿ ಬದಲಾಗದು, ಗಾಯಕ್ಕೆ ಮಾತ್ರ ಔಷಧ. ಆದರೆ ಔಷಧವನ್ನು ತಂದು ಹಚ್ಚುವುದು ಸರ್ವರ್ ನೋಡಿಕೊಳ್ಳುವವನ ಹೊಣೆ. ಸ್ಥಿರವೆಂದು ನಂಬಿ ವರ್ಷಗಟ್ಟಲೆ ಮುಟ್ಟದೆ ಬಿಡುವವನು ನನಗಿಂತಲೂ ದೊಡ್ಡ ತಪ್ಪುಗಾರ.

ಮತ್ತೊಂದು ಎಚ್ಚರಿಕೆಯೂ ಅವಶ್ಯ. ಅನೇಕರು ನೆಚ್ಚಿದ್ದ ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಆಯುಸ್ಸುಂಟೆಂದು ಎಲ್ಲರೂ ಎಣಿಸಿದ್ದರು. 2020ರ ಡಿಸೆಂಬರಿನಲ್ಲಿ ಅದರ ನಿರ್ವಾಹಕರು ಅವಧಿಯನ್ನು 2021ರ ಡಿಸೆಂಬರ್ 31ಕ್ಕೇ ಮೊಟಕುಗೊಳಿಸಿದರು. ಅದನ್ನು ಅನುಸರಿಸಿದ್ದವರು ಒಂದೇ ವರ್ಷದಲ್ಲಿ ಬೇರೆ ನೆಲೆ ಹುಡುಕಬೇಕಾಯಿತು. ಆದುದರಿಂದ ಶಾಖೆಯ ವಯಸ್ಸನ್ನು ಮಾತ್ರ ನೋಡಿದರೆ ಸಾಲದು; ಅದರ ಹಿಂದೆ ನಿಂತವರು ಯಾರು, ದುರಸ್ತಿಯನ್ನು ಎಲ್ಲಿಯವರೆಗೆ ಒದಗಿಸುತ್ತಾರೆ, ಅವರು ಕೈಬಿಟ್ಟರೆ ನಮಗೆ ದಾರಿಯೇನು ಎಂಬುದನ್ನೂ ವಿಚಾರಿಸತಕ್ಕದ್ದು.

ಹೊಸ ಶಾಖೆಗಳನ್ನು ನಾನು ಹಳಿಯುತ್ತಿಲ್ಲ. ಅವುಗಳನ್ನು ಬಳಸಿ ದೋಷ ಹುಡುಕುವವರಿಲ್ಲದಿದ್ದರೆ ಸ್ಥಿರಶಾಖೆ ಹುಟ್ಟುವುದೆಂತು? ಎಕ್ಸ್‌ಜೆಡ್‌ನ ಕಳ್ಳಬಾಗಿಲು ಸಿಕ್ಕಿಬಿದ್ದುದೂ ಅಸ್ಥಿರಶಾಖೆಯನ್ನು ಓಡಿಸುತ್ತಿದ್ದ ಯಂತ್ರದ ಮೇಲೆಯೇ. ಸ್ವಂತ ಯಂತ್ರದಲ್ಲಿ ಕಲಿಯುವವನಿಗೆ ಅವು ಒಳ್ಳೆಯ ಗುರುಗಳು. ಪರರ ಅನ್ನದ ಲೆಕ್ಕವಿರುವ ಯಂತ್ರದಲ್ಲಿ ಮಾತ್ರ ಆ ಪ್ರಯೋಗ ಸಲ್ಲದು.

ಈಗ ಸಂಘದ ಸರ್ವರ್ ಸ್ಥಿರಶಾಖೆಯಲ್ಲಿದೆ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಯಂತ್ರವೊಂದನ್ನು ಕಾರ್ಯದರ್ಶಿಗಳು ನನಗೆ ಒಪ್ಪಿಸಿದ್ದಾರೆ; ಪ್ರತಿಯೊಂದು ಬದಲಾವಣೆಯೂ ಮೊದಲು ಅದರ ಮೇಲೆ. ಶಾಖೆಯ ಅವಧಿ ಮುಗಿಯುವ ದಿನಾಂಕವನ್ನು ಗೋಡೆಯ ಮೇಲೆ ಬರೆದು ಅಂಟಿಸಿದ್ದೇನೆ. ಬಟವಾಡೆಯ ಹಿಂದಿನ ದಿನ ಸರ್ವರನ್ನು ಮುಟ್ಟುವುದಿಲ್ಲ. ಆ ಹಳೆಯ ಯಂತ್ರಕ್ಕೆ ನಾನಿಟ್ಟಿರುವ ಹೆಸರು ‘ಮಡಿ’. ಹೆಸರಿನ ಮೂಲವನ್ನು ತಂದೆಯವರಿಗೆ ಇನ್ನೂ ಹೇಳಿಲ್ಲ. ಈ ಸಂಚಿಕೆ ಅಚ್ಚಾಗಿ ಬಂದ ದಿನ ಅವರಿಗೆ ಓದಿ ಹೇಳಬೇಕೆಂದಿದ್ದೇನೆ.