ಕುಕ್ಕರಹಳ್ಳಿ ಏರಿಯ ಮೇಲೆ ಒಂದು ಬೆಳಗು

ಮೈಸೂರಿಗೆ ಬರುವವರ ಪಟ್ಟಿಯಲ್ಲಿ ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ ಇದ್ದೇ ಇರುತ್ತವೆ. ಅರಮನೆಯ ಬಾಗಿಲು ತೆರೆಯುವ ಮುಂಚಿನ ಎರಡು-ಮೂರು ಗಂಟೆಯನ್ನು ಕುಕ್ಕರಹಳ್ಳಿ ಕೆರೆಗೆ ಕೊಡಿ. ಹುಣಸೂರು ರಸ್ತೆಗೂ ಬೋಗಾದಿ ರಸ್ತೆಗೂ ನಡುವೆ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಅಂಟಿಕೊಂಡೇ ಇದೆ ಅದು. ರೈಲು ನಿಲ್ದಾಣದಿಂದ ಆಟೋ ಹಿಡಿದರೆ ಹತ್ತು ನಿಮಿಷದ ಹಾದಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಊರಾಚೆಯ ಜಮೀನಿಗೆ ನೀರುಣಿಸಲು ಕಟ್ಟಿಸಿದ ಕೆರೆ. ಈಗ ಊರೇ ಅದನ್ನು ಸುತ್ತುವರಿದಿದೆ. ಆದರೂ ಹಕ್ಕಿಗಳು ಬರುವುದನ್ನು ಬಿಟ್ಟಿಲ್ಲ.

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಊರಿನ ಹಕ್ಕಿಗಳ ಜೊತೆಗೆ ವಲಸೆ ಬಂದವೂ ಸಿಗುತ್ತವೆ. ಬೆಳಕು ಹರಿಯುತ್ತಿದ್ದಂತೆ ಅಲ್ಲಿರಿ. ಬಿಸಿಲೇರಿದ ಮೇಲೆ ಹೆಚ್ಚಿನವು ಮರ ಸೇರಿಬಿಡುತ್ತವೆ. ಕೆರೆಯ ಸುತ್ತಿನ ಹಾದಿ ಸುಮಾರು ಐದು ಕಿಲೋಮೀಟರ್. ಬೆಳಗಿನ ವಾಕಿಂಗ್‌ನವರು ಅದನ್ನು ಒಂದೇ ಗಂಟೆಯಲ್ಲಿ ಮುಗಿಸುತ್ತಾರೆ. ನೀವು ಮುಗಿಸಬೇಡಿ. ಸೂರ್ಯ ಬೆನ್ನಿಗಿರುವ ಒಂದು ಜಾಗ ನೋಡಿ, ಅರ್ಧ ಗಂಟೆ ಅಲ್ಲೇ ಕೂತುಬಿಡಿ. ಹತ್ತು ಕಡೆ ಓಡಾಡಿ ಐವತ್ತು ಹಕ್ಕಿಯ ಹೆಸರು ಬರೆದುಕೊಳ್ಳುವುದಕ್ಕಿಂತ ಒಂದೇ ಹಕ್ಕಿಯ ಬೆಳಗಿನ ಬದುಕನ್ನು ಪೂರ್ತಿ ನೋಡುವುದು ದೊಡ್ಡದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಾವಕ್ಕಿಯನ್ನೇ ತೆಗೆದುಕೊಳ್ಳಿ. ಈಜುವಾಗ ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಮೇಲೆ. ಹಾವೇ ತಲೆಯೆತ್ತಿ ಬರುವಂತೆ ಕಾಣುತ್ತದೆ. ಮುಳುಗಿದರೆ ಎಲ್ಲಿ ಏಳುತ್ತದೋ ಹೇಳಲಾಗದು. ಎದ್ದಾಗ ಅದರ ಚೂಪು ಕೊಕ್ಕು ಮೀನಿನ ಪಕ್ಕೆಯೊಳಗೆ ನಾಟಿರುತ್ತದೆ. ತಲೆ ಕೊಡವಿ ಮೀನನ್ನು ಬಿಡಿಸಿ, ಮೇಲಕ್ಕೆ ಚಿಮ್ಮಿ, ತಲೆಯ ಕಡೆಯಿಂದಲೇ ನುಂಗುತ್ತದೆ. ಬಾಲದಿಂದ ಶುರು ಮಾಡಿದರೆ ಮೀನಿನ ಮುಳ್ಳು ಗಂಟಲಿಗೆ ಅಡ್ಡ ಸಿಗುತ್ತದಲ್ಲ! ಆಮೇಲೆ ಕೊರಡೊಂದರ ಮೇಲೆ ರೆಕ್ಕೆ ಹರವಿ ಕೂರುತ್ತದೆ. ಅದರ ಗರಿ ನೀರಿನಲ್ಲಿ ನೆನೆಯುತ್ತದೆ. ನೆನೆದ ಭಾರವೇ ಮುಳುಗಲು ಅನುಕೂಲ, ಆದರೆ ಪ್ರತಿ ಸಲವೂ ಒಣಗಿಸಿಕೊಳ್ಳಲೇಬೇಕು. ಪಕ್ಕದಲ್ಲೇ ನೀರುಕಾಗೆಗಳೂ ಇದೇ ಭಂಗಿಯಲ್ಲಿ ಇರುತ್ತವೆ. ಅವುಗಳ ಕೊಕ್ಕಿನ ತುದಿ ಕೊಂಕು, ಹಾವಕ್ಕಿಯದು ನೇರ.

ಆಳವಿಲ್ಲದ ಕಡೆ ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ನೀರಿಗಿಟ್ಟು, ಕಾಲಿನಿಂದ ಕೆಸರು ಕೆದಕುತ್ತಾ ನಡೆಯುವುದನ್ನು ಗಮನಿಸಿ. ಅದು ಬೇಟೆಯಾಡುವುದು ಕಣ್ಣಿನಿಂದಲ್ಲ. ಮೀನು ಕೊಕ್ಕಿಗೆ ತಗುಲಿದ್ದೇ ತಡ, ಫಕ್ಕನೆ ಮುಚ್ಚಿಬಿಡುತ್ತದೆ. ಹೆಜ್ಜಾರ್ಲೆ, ಗುಳುಮುಳುಕ, ಮಿಂಚುಳ್ಳಿಗಳನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ.

ಜೊತೆಗೆ ಏನು ಬೇಕು? 8×42ರ ಒಂದು ಬೈನಾಕ್ಯುಲರ್ ಸಾಕು. ಮಾಸಲು ಬಣ್ಣದ ಬಟ್ಟೆ, ಟೋಪಿ, ನೀರು. ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿಪುಕ್ಕ' ಕೈಯಲ್ಲಿದ್ದರೆ ಕನ್ನಡದ ಹೆಸರುಗಳೇ ನಾಲಿಗೆಗೆ ಹತ್ತುತ್ತವೆ. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯಬೇಡಿ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ಅದು ಮೇವು, ಗೂಡು ಬಿಟ್ಟು ಓಡಿ ಬರುತ್ತದೆ. ಬಿಸ್ಕತ್ತು, ಮಂಡಕ್ಕಿ ಎಸೆಯುವುದೂ ಬೇಡ.

ಎರಡನೇ ದಿನವಿದ್ದರೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ಈ ನಡುಗಡ್ಡೆಗಳು 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣ (ಜಾಗತಿಕ ಮಹತ್ವದ ಜೌಗುನೆಲ) ಎನಿಸಿದವು. ದೋಣಿಯಲ್ಲಿ ಗೂಡುಗಳ ತೀರಾ ಹತ್ತಿರ ಹೋಗಬಹುದು, ಬಂಡೆಗಳ ಮೇಲೆ ಮೊಸಳೆ ಮಲಗಿರುತ್ತವೆ. ವಾರದ ನಡುವಿನ ದಿನ, ಮೊದಲ ದೋಣಿಗೇ ಹೋಗಿ. ಭಾನುವಾರದ ಗದ್ದಲದಲ್ಲಿ ಏನೂ ದಕ್ಕದು. ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡೇ ಹೊರಡಿ.

ಚಳಿಗಾಲದಲ್ಲಿ ಬಂದವರಿಗೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯನ್ನೂ ಹೇಳಲೇಬೇಕು. ಹಿಮಾಲಯವನ್ನೇ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಏರಿಯ ಮೇಲಿನಿಂದಲೇ ನೋಡಿ. ಫೋಟೋ ಆಸೆಗೆ ಹತ್ತಿರ ಹೋಗಿ ಹಿಂಡನ್ನು ಎಬ್ಬಿಸಬೇಡಿ, ರೈತರ ಗದ್ದೆಗೆ ಕಾಲಿಡಬೇಡಿ.