ಸತ್ತವರ ಅಂಗಡಿ ಮಾಲು: ಚೀಟಿ ಎತ್ತಬಹುದು, ಚೀಟಿ ಮಾರುವಂತಿಲ್ಲ

ದಂಡೋತಿಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದ ವ್ಯಾಪಾರಿಯೊಬ್ಬರು ತೀರಿಕೊಂಡರು ಎಂದಿಟ್ಟುಕೊಳ್ಳಿ. ಅಂಗಡಿ ತುಂಬ ಮಾಲಿದೆ. ಮಗ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ, ಮಗಳು ಸೇಡಂನಲ್ಲಿ ಗಂಡನ ಮನೆಯಲ್ಲಿ. ವ್ಯಾಪಾರ ಮುಂದುವರಿಸುವವರಿಲ್ಲ. ಠೋಕ್ ವ್ಯಾಪಾರಿಗಳು ಅರ್ಧ ಬೆಲೆಗೂ ಕೇಳುತ್ತಿಲ್ಲ. ಆಗ ನಂಟರಲ್ಲೊಬ್ಬರು ಉಪಾಯ ಹೇಳುತ್ತಾರೆ: ನೂರು ರೂಪಾಯಿಗೊಂದು ಕೂಪನ್ ಅಚ್ಚು ಹಾಕಿಸಿ, ಸುತ್ತಲಿನ ಹಳ್ಳಿಗಳಲ್ಲಿ ಮಾರಿ, ಜಾತ್ರೆಯ ದಿನ ಎಲ್ಲರೆದುರು ಲಕ್ಕಿ ಡ್ರಾ ಮಾಡೋಣ. ಮಾಲೂ ಖಾಲಿ, ಪೂರ್ತಿ ದುಡ್ಡೂ ಕೈಗೆ.

ಉಪಾಯ ಹಳೆಯದು. ಕಂಪನಿ ಸರ್ಕಾರದ ಕಾಲದ ಕಲ್ಕತ್ತದಲ್ಲಿ ಮನೆ-ಮಾರುಗಳನ್ನೇ ಲಾಟರಿಗಿಟ್ಟು ಪತ್ರಿಕೆಗಳಲ್ಲಿ ಜಾಹೀರಾತು ಕೊಡುತ್ತಿದ್ದರು. ಸರ್ಕಾರದ ಅನುಮತಿಯಿಲ್ಲದ ಲಾಟರಿಗಳನ್ನು 1844ರ ಕಾಯ್ದೆ ನಿಷೇಧಿಸಿತು. 1870ರಲ್ಲಿ ಭಾರತ ದಂಡ ಸಂಹಿತೆಗೆ 294ಎ ಕಲಂ ಸೇರಿತು. ನಿಜಾಮರ ಆಡಳಿತದಲ್ಲಿದ್ದ ನಮ್ಮ ಭಾಗಕ್ಕೆ ಆ ಸಂಹಿತೆ ಬಂದದ್ದು 1951ರಲ್ಲಿ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ ಇದೆ. ಸರ್ಕಾರದ್ದಲ್ಲದ, ಸರ್ಕಾರ ಒಪ್ಪದ ಲಾಟರಿಯ ಡ್ರಾ ನಡೆಸಲು ಜಾಗ ಇಟ್ಟುಕೊಂಡವರಿಗೆ ಆರು ತಿಂಗಳವರೆಗೆ ಸೆರೆ, ದಂಡ, ಅಥವಾ ಎರಡೂ. ಅಂಥ ಡ್ರಾದಲ್ಲಿ ಹಣ ಕೊಡುತ್ತೇವೆ, ವಸ್ತು ಕೊಡುತ್ತೇವೆ ಎಂದು ಪ್ರಕಟಿಸಿದವರಿಗೆ ಐದು ಸಾವಿರ ರೂಪಾಯಿವರೆಗೆ ದಂಡ. ಕರಪತ್ರ ಹಂಚುವುದಷ್ಟೇ ಅಲ್ಲ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದನ್ನೂ ಪ್ರಕಟಣೆಯೆಂದೇ ಭಾವಿಸುವುದು ಕ್ಷೇಮ.

ಕರ್ನಾಟಕದಲ್ಲಿ 2007ರಿಂದ ಸರ್ಕಾರಿ ಲಾಟರಿಯೂ ಇಲ್ಲ. ತಾನೇ ಲಾಟರಿ ನಡೆಸುವ ರಾಜ್ಯ ಬೇರೆ ರಾಜ್ಯಗಳ ಟಿಕೆಟ್ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತ್ತು. ಹೀಗಾಗಿ ಹೊರಗಿನದನ್ನು ತಡೆಯಬೇಕಾದರೆ ಒಳಗಿನದನ್ನೂ ಮುಚ್ಚಬೇಕಿತ್ತು. ಕೂಪನ್ ಹಣವನ್ನು ತಿಂಗಳ ಕಂತಿನಲ್ಲಿ ವಸೂಲು ಮಾಡಿ, ಗೆದ್ದವರಿಗೆ ಸೀರೆಯನ್ನೋ ಮಿಕ್ಸಿಯನ್ನೋ ಕೊಡುವ ಸ್ಕೀಮ್ ಆದರೆ ಇನ್ನೂ ಕಷ್ಟ. ಬಹುಮಾನ ಚೀಟಿಗಳನ್ನು ನಿಷೇಧಿಸುವ 1978ರ ಕಾಯ್ದೆಯಡಿ ಮೂರು ವರ್ಷದವರೆಗೆ ಸೆರೆಯಾಗಬಹುದು. ಕೂಪನ್ ಕೊಂಡವರಿಗೂ ರಕ್ಷಣೆಯಿಲ್ಲ: ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಒಪ್ಪಂದ ಅನೂರ್ಜಿತ, ಗೆದ್ದ ಬಹುಮಾನಕ್ಕಾಗಿ ದಾವೆ ಹೂಡಲು ಬರುವುದಿಲ್ಲ.

ಹಾಗೆಂದು ಚೀಟಿ ಎತ್ತುವುದೇ ತಪ್ಪೆಂದಲ್ಲ. ಮಾಲನ್ನು ಸರಿಸುಮಾರು ಒಂದೇ ಬೆಲೆಯ ಗುಂಪುಗಳಾಗಿ ಮಾಡಿ, ಯಾವ ಗುಂಪು ಯಾರಿಗೆ ಎಂಬುದನ್ನು ಮಗುವಿನ ಕೈಯಿಂದ ಚೀಟಿ ಎತ್ತಿಸಿ ತೀರ್ಮಾನಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಇದ್ದದ್ದೇ. ಅದು ಅಪರಾಧವಲ್ಲ. ಅಲ್ಲಿ ಯಾರೂ ದುಡ್ಡು ಕೊಟ್ಟು ಅದೃಷ್ಟ ಕೊಳ್ಳುವುದಿಲ್ಲ. ಆಗಲೇ ತಮ್ಮದಾಗಿರುವ ಹಿಸ್ಸೆಯನ್ನು ಗುರುತಿಸಿಕೊಳ್ಳುತ್ತಾರೆ, ಅಷ್ಟೆ.

ಆದರೆ ಹಿಸ್ಸೆ ಯಾರ್ಯಾರದು? ನನ್ನ ಮಟ್ಟಿಗೆ, ಮಾರುವ ಮಾತಿಗಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಇದು. ಉಯಿಲು ಬರೆಯದೆ ತೀರಿಕೊಂಡ ಹಿಂದೂ ವ್ಯಾಪಾರಿಯ ಸ್ವಂತ ಆಸ್ತಿ 1956ರ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರಿಗೆ ಸಮನಾಗಿ ಹೋಗುತ್ತದೆ. ಮದುವೆಯಾದ ಮಗಳನ್ನು ಬಿಟ್ಟು ಮಾಡಿದ ಪಟ್ಟಿ ನಿಲ್ಲುವುದಿಲ್ಲ. ಮುದುಕಿ ತಾಯಿಯನ್ನು ಮರೆಯುವುದಂತೂ ತೀರಾ ಸಾಮಾನ್ಯ. ಮುಸ್ಲಿಂ ಕುಟುಂಬವಾದರೆ ಶರೀಅತ್ ಪ್ರಕಾರ ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲ ಮೊದಲು, ಆಮೇಲೆ ಹಿಸ್ಸೆ. ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯಲ್ಲಿ ಸಿಗುವ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ, ಎರಡನ್ನೂ ಮೊದಲೇ ತೆಗೆದಿಟ್ಟುಕೊಳ್ಳಿ. ಮರಣವನ್ನು 21 ದಿನದೊಳಗೆ ತಿಳಿಸಿದರೆ ನೋಂದಣಿ ಸುಲಭ.

ಬೀಗದ ಕೈ ಚಿಕ್ಕಪ್ಪನ ಹತ್ತಿರವೋ ಗುಮಾಸ್ತನ ಹತ್ತಿರವೋ ಇರುತ್ತದೆ. ಹಾಗೆಂದು ಅವರು ಮಾರುವಂತಿಲ್ಲ. ವಾರಸುದಾರರಲ್ಲದವರು ಸತ್ತವರ ಸರಕನ್ನು ಮಾರಿದರೆ, ಬಳಸಿದರೆ, ತೆಗೆದ ಮಾಲಿಗೆಲ್ಲ ಲೆಕ್ಕ ಒಪ್ಪಿಸುವ ಹೊಣೆ ಅವರ ತಲೆಗೆ ಬೀಳುತ್ತದೆ ಎನ್ನುತ್ತವೆ ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 303 ಮತ್ತು 304ನೇ ಕಲಂಗಳು. ಆದರೆ ಸರಕು ಕೆಡದಂತೆ ಕಾಪಾಡಲು, ಅಂತ್ಯಕ್ರಿಯೆಗೆ, ಮನೆಯ ತಕ್ಷಣದ ಅಗತ್ಯಕ್ಕೆ ಕೈಹಾಕಿದರೆ ತಪ್ಪಿಲ್ಲ. ಕಾಗಿಣಾ ನದಿ ತುಂಬಿ ದಂಡೋತಿ ಸೇತುವೆ ಮುಳುಗುವ ಮಳೆಯಲ್ಲಿ ಮೂಟೆಗಳನ್ನು ಒಣ ಜಾಗಕ್ಕೆ ಸಾಗಿಸಿದವರ ಮೇಲೆ ಯಾರೂ ಕೇಸು ಹಾಕಲಾರರು. ದುರುದ್ದೇಶದಿಂದ ಲಪಟಾಯಿಸಿದರೆ ನ್ಯಾಯ ಸಂಹಿತೆಯ 315ನೇ ಕಲಂ ಇದೆ: ಮೂರು ವರ್ಷದವರೆಗೆ ಸೆರೆ, ಸತ್ತವರ ಗುಮಾಸ್ತ ಅಥವಾ ಆಳು ಆಗಿದ್ದರೆ ಏಳು ವರ್ಷದವರೆಗೆ. ಅಪ್ರಾಪ್ತ ಹಿಂದೂ ಮಕ್ಕಳ ಆಸ್ತಿಯನ್ನು, ಸಾಕುತ್ತಿರುವವನು ತಾನೇ ಎಂಬ ಒಂದೇ ಕಾರಣಕ್ಕೆ ನಂಟನೊಬ್ಬ ವಿಲೇವಾರಿ ಮಾಡುವಂತಿಲ್ಲ. ಯಾರಾದರೂ ಅಂಗಡಿಯನ್ನು ಕಬಳಿಸಿದ್ದರೆ, ಕಬಳಿಸುವ ಭಯವಿದ್ದರೆ, ಮರಣವಾದ ಆರು ತಿಂಗಳೊಳಗೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಕೊಡಬಹುದು. ಅವರು ಆಸ್ತಿ ನೋಡಿಕೊಳ್ಳಲು ಮೇಲ್ವಿಚಾರಕರನ್ನೂ ನೇಮಿಸಬಲ್ಲರು.

ಅಂಗಡಿಯಲ್ಲಿ ಇದ್ದದ್ದೆಲ್ಲ ಅಂಗಡಿಕಾರನದಲ್ಲ ಎಂಬುದು ನಮ್ಮ ತೊಗರಿ ಸೀಮೆಯವರಿಗೆ ಬೇರೆ ಹೇಳಬೇಕಿಲ್ಲ. ಒಳ್ಳೆ ರೇಟು ಬರಲೆಂದು ರೈತರು ಅಡತ್ ಅಂಗಡಿಯಲ್ಲಿ ಇಟ್ಟ ತೊಗರಿ ಚೀಲಗಳು ರೈತರವೇ. ಗಿರವಿ ಇಟ್ಟ ಬಂಗಾರ, ಇಟ್ಟವರದು. ಸಾಲ ತೀರಿಸಿದರೆ ವಾರಸುದಾರರು ಹಿಂದಿರುಗಿಸಲೇಬೇಕು. ರೈತರಿಗೆ ನನ್ನ ಸಲಹೆ ಒಂದೇ: ತೂಕದ ಪಟ್ಟಿ, ಚೀಲದ ಲೆಕ್ಕದ ಚೀಟಿ ಹಿಡಿದು ಬೇಗ ಹೋಗಿ, ಮನೆಯವರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಎಪಿಎಂಸಿಗೂ ಒಂದು ಪ್ರತಿ ಕೊಡಿ. ಮಾಲು ಕೊಟ್ಟು ಹಣ ಪಡೆಯದ ಠೋಕ್ ವ್ಯಾಪಾರಿಯ ಸ್ಥಿತಿ ಬೇರೆ. ಮಾರಿದ ಮೇಲೆ ಮಾಲು ಅವರದಲ್ಲ; ಅವರು ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕು. ಆ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಸತ್ತವರಿಂದ ತಮ್ಮ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ, ಸ್ವಂತ ದುಡಿಮೆಗಲ್ಲ.

ಉಳಿದ ಮಾಲನ್ನು ಮಾರಲು ನೇರ ದಾರಿ ಲಿಲಾವು. ಇಬ್ಬರು ಪಂಚರ ಎದುರು ಪಟ್ಟಿ ಮಾಡಿ, ಎಲ್ಲ ವಾರಸುದಾರರ ಒಪ್ಪಿಗೆ ಬರೆಸಿ, ದಿನ ಗೊತ್ತುಮಾಡಿ ಊರಲ್ಲಿ ಡಂಗುರ ಹಾಕಿಸಿದರೆ ಸಾಕು, ಕೋರ್ಟಿಗೆ ಹೋಗಬೇಕಿಲ್ಲ. ಸರಕು ಮಾರಾಟ ಕಾಯ್ದೆ, 1930ರ 64ನೇ ಕಲಂ ಲಿಲಾವಿಗೆ ಅನ್ವಯಿಸುತ್ತದೆ. ಕೊನೆಯ ಸವಾಲು ಮುಗಿಯುವವರೆಗೆ ಕೂಗಿದವರು ಹಿಂದೆ ಸರಿಯಬಹುದು. ಮಾರುವವರು ತಮ್ಮವರಿಂದ ಸುಳ್ಳು ಸವಾಲು ಕೂಗಿಸಿ ಬೆಲೆ ಏರಿಸಿದರೆ, ಕೊಂಡವರು ವ್ಯವಹಾರವನ್ನು ರದ್ದುಮಾಡಬಹುದು. ಒಪ್ಪಿಗೆಯಾಗದೆ ಪಾಲಿನ ದಾವೆ ಹೂಡಿದರೂ ಬಾಡುವ, ಕೆಡುವ ಮಾಲಿಗಾಗಿ ಕೊನೆಯ ತೀರ್ಪಿನವರೆಗೆ ಕಾಯಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ, 6ನೇ ನಿಯಮದಡಿ ತಕ್ಷಣ ಮಾರಿಸಿ ಹಣವನ್ನು ಕೋರ್ಟಿನಲ್ಲಿಡುವಂತೆ ಕೇಳಬಹುದು.

ಅಂಗಡಿಗೆ ಜಿಎಸ್‌ಟಿ ನೋಂದಣಿ ಇದ್ದರೆ ಅದನ್ನು ರದ್ದು ಮಾಡಿಸಬೇಕು. ರದ್ದಾಗುವ ದಿನ ಉಳಿದಿರುವ ಮಾಲಿನ ಮೇಲಿನ ಇನ್‌ಪುಟ್ ಕ್ರೆಡಿಟ್ ವಾಪಸ್ ಕಟ್ಟಬೇಕಾಗುವುದರಿಂದ ಅರ್ಜಿ ಹಾಕುವ ಮೊದಲೇ ತೆರಿಗೆ ಸಲಹೆಗಾರರನ್ನು ಕಾಣಿರಿ. ಕಿರಾಣಿ ಅಂಗಡಿಯ ಆಹಾರ ಪರವಾನಗಿ ವಾರಸುದಾರರ ಅನುಕೂಲಕ್ಕೆ 90 ದಿನ ಜೀವಂತವಿರುತ್ತದೆ.

ಕೊನೆಗೆ ಉದ್ರಿ ವಹಿ. ಕೊಟ್ಟ ಮಾಲಿನ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಬಾಕಿದಾರರು ತಾವಾಗಿ ಕೊಟ್ಟರೆ ರಸೀದಿ ಕೊಟ್ಟು ಪಡೆಯಿರಿ. ಕೊಡದಿದ್ದರೆ ಕೋರ್ಟಿನಿಂದ ಡಿಕ್ರಿ ಪಡೆಯಲು ಉತ್ತರಾಧಿಕಾರ ಪ್ರಮಾಣಪತ್ರ ಬೇಕು. ಅದು ನಾಡಕಚೇರಿಯಲ್ಲಿ ಸಿಗುವುದಿಲ್ಲ, ನ್ಯಾಯಾಲಯವೇ ಕೊಡಬೇಕು. ವಿಧವೆಗೆ ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.